ಕರುಳಿನ ಉರಿಯೂತದ ಜೀನ್ ಪಟ್ಟಿ: ಯಾರ ರಕ್ತ ನೋಡಿ ಬರೆದದ್ದು?

ಕೋಲಾರದಲ್ಲಿ ಒಂದು ಭಾನುವಾರ ಪದವಿ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು, ಕೆಲವು ರೋಗಿಗಳು ಮತ್ತು ಅವರ ಮನೆಯವರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಓಟವನ್ನು ಹಾಗೇ ಬಿಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕರುಳಿನ ಉರಿಯೂತ. ಆಸ್ಪತ್ರೆಯಲ್ಲಿ ಇದನ್ನು ಐಬಿಡಿ ಅಂತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದರಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗುತ್ತದೆ, ಮಲದಲ್ಲಿ ರಕ್ತ ಮತ್ತು ಲೋಳೆ ಹೋಗುತ್ತದೆ, ದಿನಕ್ಕೆ ಎಂಟು ಹತ್ತು ಸಲ ಓಡಬೇಕಾಗುತ್ತದೆ. ಇನ್ನೊಂದು ಕ್ರೋನ್ಸ್ ಕಾಯಿಲೆ. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಆದರೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಅದಕ್ಕೆ ತುಂಬಾ ಇಷ್ಟ. ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಮತ್ತು ಜೊತೆಗಾರರು 1932ರಲ್ಲಿ ಅದನ್ನು ವಿವರಿಸಿದರು, ಹಾಗಾಗಿ ಆ ಹೆಸರು.

ನಮ್ಮ ಕಡೆ ಇದು ಬೇಗ ಗೊತ್ತಾಗುವುದಿಲ್ಲ. ರಕ್ತ ಹೋಯಿತು ಅಂದರೆ ಮೊದಲು ಮೂಲವ್ಯಾಧಿ ಅಂದುಕೊಳ್ಳುತ್ತಾರೆ. ನಾಟಿ ಔಷಧಿ ಆಗುತ್ತದೆ, ಖಾರ ಬಿಡುವುದು ಆಗುತ್ತದೆ, ಮೆಡಿಕಲ್ ಸ್ಟೋರಿನಲ್ಲಿ ಆಮಶಂಕೆ ಮಾತ್ರೆ ಆಗುತ್ತದೆ. ತೂಕ ಹತ್ತು ಕೆಜಿ ಇಳಿದು, ರಕ್ತ ಕಮ್ಮಿಯಾಗಿ, ಸುಸ್ತಾದ ಮೇಲೆ ಬರುತ್ತಾರೆ. ಆಗ ಕೊಲೊನೋಸ್ಕೋಪಿ, ಅಂದರೆ ಗುದದಿಂದ ಕ್ಯಾಮೆರಾ ನಳಿಕೆ ಬಿಟ್ಟು ಕರುಳು ನೋಡುವ ಪರೀಕ್ಷೆ, ಮಾಡಿ ಹೆಸರು ಹೇಳಿದ ತಕ್ಷಣ ಬರುವ ಪ್ರಶ್ನೆ ಒಂದೇ: "ಮೇಡಂ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ, ಇದು ಹೇಗೆ ಬಂತು? ಮಕ್ಕಳಿಗೂ ಬರುತ್ತಾ?"

ವಂಶದ ಪಾಲು ಖಂಡಿತ ಇದೆ. ಆದರೆ ಜನ ಹೆದರುವಷ್ಟು ಇಲ್ಲ. ಇದನ್ನು ಅಳೆಯೋಕೆ ಒಂದೇ ತರಹದ ಅವಳಿಗಳನ್ನು ನೋಡುತ್ತಾರೆ, ಅವರ ಜೀನುಗಳು ಒಂದೇ ಅಲ್ವಾ. ಯುರೋಪಿನಲ್ಲಿ ಮಾಡಿದ ಅವಳಿಗಳ ಅಧ್ಯಯನಗಳಲ್ಲಿ ಒಬ್ಬರಿಗೆ ಕ್ರೋನ್ಸ್ ಇದ್ದಾಗ ಇನ್ನೊಬ್ಬರಿಗೂ ಬಂದದ್ದು ಸುಮಾರು ಮೂರರಲ್ಲಿ ಒಂದರಿಂದ ಅರ್ಧದಷ್ಟು ಜೋಡಿಗಳಲ್ಲಿ. ಅಲ್ಸರೇಟಿವ್ ಕೊಲೈಟಿಸ್ ಆದರೆ ಇನ್ನೂ ಕಡಿಮೆ, ನೂರರಲ್ಲಿ ಹತ್ತರಿಂದ ಇಪ್ಪತ್ತರೊಳಗೆ. ಅಂದರೆ ಪೂರ್ತಿ ಅದೇ ಜೀನು ಇಟ್ಟುಕೊಂಡ ತಮ್ಮನಿಗೂ ಹೆಚ್ಚು ಸಲ ಕಾಯಿಲೆ ಬರುವುದೇ ಇಲ್ಲ. ಜೀನು ದಾರಿ ಮಾಡಿಕೊಡುತ್ತದೆ ಅಷ್ಟೇ. ಉಳಿದದ್ದು ಊಟ, ಸಿಗರೇಟು, ಆಂಟಿಬಯಾಟಿಕ್, ಕರುಳಿನ ಬ್ಯಾಕ್ಟೀರಿಯಾ, ಇನ್ನೂ ಏನೇನೋ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕಾಯಿಲೆಯ ಜೀನುಗಳ ಪಟ್ಟಿ ಅಂತ ಪುಸ್ತಕದಲ್ಲೂ ಇಂಟರ್‌ನೆಟ್‌ನಲ್ಲೂ ಸಿಗುತ್ತದೆ. ಅದನ್ನು ಓದುವ ಮೊದಲು, ಆ ಪಟ್ಟಿ ಯಾರ ರಕ್ತ ನೋಡಿ ಬರೆದದ್ದು ಅಂತ ಕೇಳಿಕೊಳ್ಳಿ. ನಾನು ಇಲ್ಲಿಗೆ ಬಂದದ್ದೇ ಇದನ್ನು ಹೇಳೋಕೆ.

2001ರಲ್ಲಿ ನಾಡ್2 ಅನ್ನೋ ಜೀನು ಸಿಕ್ಕಿತು. 16ನೇ ಕ್ರೋಮೋಸೋಮಿನಲ್ಲಿದೆ. ಎರಡು ತಂಡಗಳು ಒಂದೇ ಸಮಯಕ್ಕೆ ಪ್ರಕಟಿಸಿದವು. ಕ್ರೋನ್ಸ್ ಕಾಯಿಲೆಗೆ ಸಂಬಂಧಪಟ್ಟ ಮೊದಲ ಜೀನು ಅದು, ಆಗ ದೊಡ್ಡ ಸುದ್ದಿ. ಅದು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಕರುಳಿನಲ್ಲಿ ಲೆಕ್ಕ ಇಡಲಾಗದಷ್ಟು ಬ್ಯಾಕ್ಟೀರಿಯಾ ಇವೆ. ಅವುಗಳ ಗೋಡೆಯಲ್ಲಿ ಮ್ಯುರಮೈಲ್ ಡೈಪೆಪ್ಟೈಡ್ ಅನ್ನೋ ಚಿಕ್ಕ ತುಣುಕು ಇದೆ. ಆ ತುಣುಕು ಕರುಳಿನ ಜೀವಕೋಶದ ಒಳಗೆ ಬಂದರೆ ನಾಡ್2 ಪ್ರೋಟೀನು ತನ್ನ ಬಾಲದ ಕಡೆಯ ಭಾಗದಿಂದ ಗುರುತು ಹಿಡಿಯುತ್ತದೆ. ಕೂಡಲೇ ಜೀವಕೋಶ ಎಚ್ಚೆತ್ತು ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳನ್ನು ಸುರಿಸುತ್ತದೆ. ಈ ಪ್ರೋಟೀನಿನಲ್ಲಿ 1,040 ಅಮೈನೋ ಆಮ್ಲಗಳಿವೆ. ಯುರೋಪಿನ ಕೆಲವರ ಜೀನಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿಗೆ ಸೇರಿಕೊಂಡಿದೆ. ಆ ಒಂದು ಅಕ್ಷರದಿಂದ ಮುಂದಿನ ಓದೆಲ್ಲ ತಪ್ಪಿ, ಪ್ರೋಟೀನಿನ ಕೊನೆಯ 33 ಅಮೈನೋ ಆಮ್ಲಗಳು ತಯಾರಾಗುವುದೇ ಇಲ್ಲ. ಬಾಲ ಮೊಂಡಾದ ಪ್ರೋಟೀನು ಆ ತುಣುಕನ್ನು ಸರಿಯಾಗಿ ಗುರುತಿಸಲ್ಲ. ಬ್ಯಾಕ್ಟೀರಿಯಾ ಮೊದಲ ಹಂತದಲ್ಲೇ ಸಾಯಬೇಕಿತ್ತು, ಸಾಯುವುದಿಲ್ಲ, ಗೋಡೆಯೊಳಗೆ ಇಳಿಯುತ್ತದೆ. ಆಮೇಲೆ ದೇಹದ ಉಳಿದ ರಕ್ಷಣೆಯೆಲ್ಲ ಒಟ್ಟಿಗೆ ಮೇಲೆ ಬಿದ್ದು ಕರುಳನ್ನೇ ಸುಡುತ್ತದೆ.

ಇಂಥ ಮೂರು ಬದಲಾವಣೆಗಳು ನಾಡ್2ನಲ್ಲಿ ಪ್ರಸಿದ್ಧ. ಯುರೋಪಿನ ಮೂಲದ ಕ್ರೋನ್ಸ್ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇವುಗಳಲ್ಲಿ ಒಂದಾದರೂ ಇರುತ್ತದೆ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು ಬಂದವರಿಗೆ ಕಾಯಿಲೆಯ ಅಪಾಯ ಇಪ್ಪತ್ತು ಪಟ್ಟು ಅಥವಾ ಅದಕ್ಕೂ ಜಾಸ್ತಿ. ಹಾಗಂತ ಅವರಿಗೆಲ್ಲ ಬಂದೇ ಬರುತ್ತೆ ಅಂತಲ್ಲ, ಅವರಲ್ಲೂ ಹೆಚ್ಚಿನವರು ಆರೋಗ್ಯವಾಗೇ ಇರುತ್ತಾರೆ.

2002ರಲ್ಲಿ ಜಪಾನಿನವರು ತಮ್ಮ ಕ್ರೋನ್ಸ್ ರೋಗಿಗಳಲ್ಲಿ ಇದೇ ಮೂರು ಬದಲಾವಣೆಗಳನ್ನು ಹುಡುಕಿದರು. ಸಿಗಲಿಲ್ಲ. ಕೊರಿಯಾದಲ್ಲಿ ನೋಡಿದರು, ಚೀನಾದಲ್ಲಿ ನೋಡಿದರು, ಅಲ್ಲೂ ಇಲ್ಲ. ಭಾರತದಲ್ಲಿ ನೋಡಿದಾಗ ತೀರಾ ಅಪರೂಪ. ಅಮೆರಿಕದ ಕರಿಯ ಜನರಲ್ಲಿ ಸ್ವಲ್ಪ ಇದೆ, ಆದರೆ ಅದೂ ಯುರೋಪಿನ ಪೂರ್ವಜರ ಬೆರಕೆಯಿಂದ ಬಂದದ್ದು. ರೋಗ ಅದೇ, ಹುಣ್ಣು ಅದೇ, ಸ್ಕೋಪಿನಲ್ಲಿ ಕಾಣುವ ಚಿತ್ರ ಅದೇ. ಜೀನು ಮಾತ್ರ ಬೇರೆ.

ಹಾಗಾದರೆ ನಮ್ಮಲ್ಲಿ ಕಾಯಿಲೆ ಇಲ್ಲವಾ? ಇದೆ. ಲೂಧಿಯಾನದ ಡಾಕ್ಟರುಗಳು ಪಂಜಾಬಿನಲ್ಲಿ ಮನೆಮನೆಗೆ ಹೋಗಿ ಎಣಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಲಕ್ಷ ಜನರಿಗೆ 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಅಷ್ಟರವರೆಗೆ ಇದು ಬಿಳಿಯರ ಕಾಯಿಲೆ ಅಂತಲೇ ಎಷ್ಟೋ ಜನ ಪಾಠ ಮಾಡುತ್ತಿದ್ದರು.

ಪೂರ್ವ ಏಷ್ಯಾದಲ್ಲಿ ಹುಡುಕಿದಾಗ ಬೇರೆ ಜೀನು ಎದ್ದು ಕಂಡಿತು. ಟಿಎನ್‌ಎಫ್‌ಎಸ್‌ಎಫ್15 ಅಂತ ಅದರ ಹೆಸರು. ಜಪಾನಿನಲ್ಲಿ 2005ರಲ್ಲಿ ಸಿಕ್ಕಿತು. ಯುರೋಪಿನವರಲ್ಲೂ ಅದರ ಪ್ರಭಾವ ಇದೆ, ಆದರೆ ಜಪಾನು, ಕೊರಿಯಾ, ಚೀನಾದಲ್ಲಿ ಬಹಳ ಹೆಚ್ಚು. ಐಎಲ್23ಆರ್ ಜೀನಿನ ಒಂದು ಬದಲಾವಣೆ ಯುರೋಪಿನಲ್ಲಿ ಕಾಯಿಲೆಯಿಂದ ರಕ್ಷಣೆ ಕೊಡುತ್ತದೆ, 2006ರಲ್ಲಿ ಗೊತ್ತಾಯಿತು. ಪೂರ್ವ ಏಷ್ಯಾದಲ್ಲಿ ಆ ಬದಲಾವಣೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉತ್ತರ ಭಾರತದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಪೂರ್ತಿ ಜೀನೋಮು, ಅಂದರೆ ಎಲ್ಲ ಜೀನುಗಳಿರುವ ಇಡೀ ಡಿಎನ್‌ಎ, ಜಾಲಾಡಿದ ಅಧ್ಯಯನ ಬಂದದ್ದು 2015ರಲ್ಲಿ. ಲೂಧಿಯಾನ ಮತ್ತು ದೆಹಲಿಯ ವಿಜ್ಞಾನಿಗಳು ಸೇರಿ ಮಾಡಿದ್ದು. ಅಲ್ಲಿ ಬಲವಾಗಿ ಕಂಡದ್ದು 6ನೇ ಕ್ರೋಮೋಸೋಮಿನ ಎಚ್‌ಎಲ್‌ಎ ಭಾಗ. ಇದು ತನ್ನವರು ಯಾರು, ಹೊರಗಿನವರು ಯಾರು ಅಂತ ರೋಗನಿರೋಧಕ ಕಣಗಳಿಗೆ ತೋರಿಸುವ ಜೀನುಗಳ ಗುಂಪು. ಈ ಎಚ್‌ಎಲ್‌ಎ ಭಾಗ ಎಲ್ಲ ದೇಶಗಳಲ್ಲೂ ಕೊಲೈಟಿಸ್ ಜೊತೆ ಸೇರಿಕೊಂಡಿದೆ, ಆದರೆ ಒಳಗಿನ ನಮೂನೆ ಬೇರೆ ಬೇರೆ.

ಒಂದು ಕಡೆ ಸಿಕ್ಕ ಗುರುತು ಇನ್ನೊಂದು ಕಡೆ ಯಾಕೆ ಕೆಲಸ ಮಾಡಲ್ಲ ಅಂತ ವಿದ್ಯಾರ್ಥಿಗಳು ಕೇಳಬಹುದು. ಇಂಥ ಅಧ್ಯಯನಗಳಲ್ಲಿ ಸಿಗುವುದು ಎಷ್ಟೋ ಸಲ ಕಾಯಿಲೆಗೆ ದಾರಿ ಮಾಡುವ ಜಾಗವೇ ಅಲ್ಲ, ಅದರ ಪಕ್ಕದ ಗುರುತು. ಊರಿಗೆ ದಾರಿ ಕೇಳಿದರೆ "ದೊಡ್ಡ ಹುಣಸೆಮರ ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗಿ" ಅಂತಾರಲ್ಲ, ಹಾಗೆ. ಶ್ರೀನಿವಾಸಪುರದ ಆ ಹುಣಸೆಮರದ ಗುರುತು ಹಿಡಿದುಕೊಂಡು ಪಾವಗಡದಲ್ಲಿ ತಿರುಗಿದರೆ ಬೇರೆ ಯಾವುದೋ ಊರಿಗೆ ಹೋಗುತ್ತೀರಿ. ಗುರುತು ಮತ್ತು ನಿಜವಾದ ಜಾಗ ಜೊತೆಯಲ್ಲಿ ಸಾಗಿ ಬಂದದ್ದು ಒಂದು ಜನಸಮುದಾಯದ ಇತಿಹಾಸದಿಂದ. ಇತಿಹಾಸ ಬೇರೆಯಾದರೆ ಆ ಜೋಡಿ ಬಿಟ್ಟುಹೋಗುತ್ತದೆ.

2012ರ ಹೊತ್ತಿಗೆ ಐಬಿಡಿಗೆ ಸಂಬಂಧಪಟ್ಟ ಜೀನೋಮಿನ 163 ಜಾಗಗಳು ಗೊತ್ತಿದ್ದವು. 2015ರಲ್ಲಿ ಮೊದಲ ಸಲ ದೊಡ್ಡ ಮಟ್ಟದಲ್ಲಿ ಬೇರೆ ಬೇರೆ ಜನರನ್ನು ಸೇರಿಸಿ ನೋಡಿದಾಗ ಅದು 200ಕ್ಕೆ ಏರಿತು. ಆ ಅಧ್ಯಯನದಲ್ಲಿ ಯುರೋಪಿನ ಮೂಲದವರು 86,640. ಪೂರ್ವ ಏಷ್ಯಾ, ಭಾರತ, ಇರಾನ್ ಮೂರೂ ಸೇರಿ 9,846. ಇಷ್ಟು ದೊಡ್ಡ ಮೂರು ಪ್ರದೇಶಗಳಿಗೆ ಅಷ್ಟೇ ಪಾಲು. 2023ರಲ್ಲಿ ಪೂರ್ವ ಏಷ್ಯಾದ 14,000ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿದ ಮೇಲೆ ಸಂಖ್ಯೆ 320 ಆಯಿತು. ಎಲ್ಲ ಕಾಯಿಲೆಗಳ ಇಂಥ ಅಧ್ಯಯನಗಳನ್ನು ಒಟ್ಟಿಗೆ ತೆಗೆದುಕೊಂಡರೆ 2016ರಲ್ಲಿ ಭಾಗವಹಿಸಿದವರಲ್ಲಿ ನೂರಕ್ಕೆ 81 ಮಂದಿ ಯುರೋಪಿನ ಮೂಲದವರು. ನನಗೆ ಇದು ಬರೀ ಅಂಕಿ ಅಂಶ ಅಲ್ಲ. ನಿಮ್ಮ ಮಗನಿಗೆ ಕಾಯಿಲೆ ಬರುವ ಅಪಾಯ ಇಷ್ಟು ಅಂತ ಒಂದು ಕಂಪನಿ ಎಂಜಲು ಪರೀಕ್ಷೆ ಮಾಡಿ ಅಂಕ ಕೊಟ್ಟರೆ, ಆ ಅಂಕ ಬಂದದ್ದು ಈ ಪಟ್ಟಿಯಿಂದ. ಬೇರೆಯವರಿಗೆ ಹೊಲಿದ ಲೆಕ್ಕ ನಮಗೆ ಸರಿಯಾಗಿ ಕೂರುವುದಿಲ್ಲ. ದುಡ್ಡು ಕೊಟ್ಟು ಮಾಡಿಸಬೇಡಿ.

ಇನ್ನೊಂದು ವಿಷಯ. 'ಏಷ್ಯನ್' ಅನ್ನೋ ಒಂದೇ ಗುಂಪು ಮಾಡುವುದೂ ತಪ್ಪು. ಜಪಾನಿನವರ ಫಲಿತಾಂಶ ಮುಳಬಾಗಿಲಿಗೆ ಹೊಂದಲ್ಲ. ಅಷ್ಟೇ ಯಾಕೆ, ಲೂಧಿಯಾನದ ಫಲಿತಾಂಶ ಕೂಡ ಕೋಲಾರಕ್ಕೆ ಪೂರ್ತಿ ಹೊಂದುತ್ತೆ ಅಂತ ಹಾಗೇ ಒಪ್ಪಿಕೊಳ್ಳೋಕೆ ಆಗಲ್ಲ. ನಮ್ಮ ದೇಶದಲ್ಲಿ ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಬೇರೆ ಬೇರೆ ಮೂಲದ ಜನ ಚೆನ್ನಾಗಿ ಬೆರೆತರು, ಆಮೇಲೆ ಜಾತಿಯೊಳಗೇ ಮದುವೆ ಗಟ್ಟಿಯಾಯಿತು ಅಂತ ಜೀನ್ ಅಧ್ಯಯನಗಳು ತೋರಿಸುತ್ತವೆ. ಒಂದೇ ಬೀದಿಯಲ್ಲಿ ಇರುವವರು, ತೆಲುಗು ಕನ್ನಡ ಎರಡೂ ಮಾತಾಡುವವರು, ಒಂದೇ ರಾಗಿಮುದ್ದೆ ಸೊಪ್ಪಿನ ಸಾರು ಉಣ್ಣುವವರು, ಜೀನಿನ ಲೆಕ್ಕದಲ್ಲಿ ನೂರು ತಲೆಮಾರಿನಿಂದ ಬೇರೆ ಬೇರೆ ಇರಬಹುದು. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ 81 ಗುಂಪುಗಳು ತೀರಾ ಕೆಲವೇ ಪೂರ್ವಜರಿಂದ ಬೆಳೆದವು ಅಂತ ಕಂಡಿತು. ಇದಕ್ಕೆ ಪ್ರಸಿದ್ಧರಾದ ಫಿನ್‌ಲ್ಯಾಂಡಿನವರು, ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತಲೂ ಜಾಸ್ತಿ. ಅಶ್ಕೆನಾಜಿ ಯಹೂದಿಗಳಲ್ಲಿ ಕ್ರೋನ್ಸ್ ಕಾಯಿಲೆ ಅಕ್ಕಪಕ್ಕದ ಯುರೋಪಿನವರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಅನ್ನೋದು ಹಳೆಯ ವಿಷಯ. ನಮ್ಮಲ್ಲಿ ವೈಶ್ಯ ಸಮುದಾಯದಲ್ಲಿ ಅರಿವಳಿಕೆಯ ಒಂದು ಔಷಧಿ ದೇಹದಲ್ಲಿ ಬೇಗ ಕರಗದಿರುವ ಜೀನ್ ಬದಲಾವಣೆ ಉಳಿದವರಿಗಿಂತ ಬಹಳ ಹೆಚ್ಚು. ಹೀಗೆ ಯಾವ ಗುಂಪಿನಲ್ಲಿ ಏನಿದೆ ಅಂತ ಗೊತ್ತಾದರೆ ಆಪರೇಷನ್ ಮಾಡುವ ಮೊದಲೇ ಎಚ್ಚರ ವಹಿಸಬಹುದು. ಇದರಲ್ಲಿ ಯಾವ ಜಾತಿಗೂ ಅವಮಾನ ಇಲ್ಲ, ಎಲ್ಲ ಗುಂಪಿನಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ.

ಜೀನೋಮ್ ಇಂಡಿಯಾ ಯೋಜನೆ ನಮ್ಮ ಪಕ್ಕದ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆಯಿತು. ಸುಮಾರು 10,000 ಭಾರತೀಯರ ಪೂರ್ತಿ ಜೀನೋಮ್ ಓದಿ, ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ನನಗೆ ಬಹಳ ಸಂತೋಷ ಕೊಟ್ಟ ಕೆಲಸ ಅದು. ಆದರೆ ಅದು ಸಾಮಾನ್ಯ ಜನರ ನಕ್ಷೆ. ಐಬಿಡಿ ರೋಗಿಗಳದ್ದು ಬೇರೆಯಾಗಿ ಸೇರಬೇಕು, ಅದರಲ್ಲಿ ದಕ್ಷಿಣದವರು ಸಾಕಷ್ಟು ಇರಬೇಕು. ಸಂಶೋಧನೆಗೆ ಅಂತ ಒಂದು ಟ್ಯೂಬು ರಕ್ತ ಕೇಳಿದರೆ ಕಾಗದ ಓದಿ, ಅನುಮಾನ ಇದ್ದರೆ ಕೇಳಿ, ಒಪ್ಪಿಗೆಯಾದರೆ ಕೊಡಿ.

ಕಾಯಿಲೆ ತರುವ ಜೀನು ಇಷ್ಟು ದಿನ ಯಾಕೆ ಉಳಿಯಿತು ಅನ್ನೋ ಪ್ರಶ್ನೆ ನನ್ನನ್ನು ತುಂಬಾ ಕಾಡಿದೆ. ಅದಕ್ಕೆ ಒಂದು ಸುಳಿವು ಕುಷ್ಠರೋಗದಿಂದ ಬಂತು. 2009ರಲ್ಲಿ ಚೀನಾದ ಕುಷ್ಠರೋಗಿಗಳ ಜೀನೋಮ್ ನೋಡಿದಾಗ ಸಿಕ್ಕವುಗಳಲ್ಲಿ ನಾಡ್2 ಇತ್ತು, ಟಿಎನ್‌ಎಫ್‌ಎಸ್‌ಎಫ್15 ಇತ್ತು. ಕುಷ್ಠದ ಬ್ಯಾಕ್ಟೀರಿಯಾ, ಕ್ಷಯದ ಬ್ಯಾಕ್ಟೀರಿಯಾ ಎರಡೂ ಒಂದೇ ಕುಲದವು. ಅಂದರೆ ಈ ಜೀನುಗಳು ಇರುವುದೇ ಇಂಥ ಸೋಂಕುಗಳನ್ನು ಎದುರಿಸೋಕೆ. ಯಾವ ಊರಿನಲ್ಲಿ ಯಾವ ಸೋಂಕು ಜನರನ್ನು ಕಾಡಿತೋ ಅದಕ್ಕೆ ತಕ್ಕ ಹಾಗೆ ಜೀನಿನ ನಮೂನೆ ಆಯ್ಕೆಯಾಗುತ್ತಾ ಬಂದಿರಬೇಕು ಅನ್ನೋ ವಾದಕ್ಕೆ ಇಲ್ಲಿ ಬಲ ಇದೆ.

ಕ್ಷಯದ ಮಾತು ಬಂದದ್ದರಿಂದ ಆಶಾ ಅಕ್ಕಂದಿರು ಇದನ್ನು ಗಮನ ಇಟ್ಟು ಕೇಳಿ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಎರಡೂ ಅದೇ ಜಾಗಕ್ಕೆ ಬರುತ್ತವೆ. ಹೊಟ್ಟೆನೋವು, ಸಣ್ಣ ಜ್ವರ, ತೂಕ ಇಳಿಯುವುದು ಎರಡರಲ್ಲೂ ಇದೆ. ಬಯಾಪ್ಸಿಯಲ್ಲಿ ಎರಡರಲ್ಲೂ ಗಂಟು ಕಾಣುತ್ತದೆ. ಕರುಳಿನ ತುಣುಕಿನಲ್ಲಿ ಟಿಬಿ ರೋಗಾಣು ಹಿಡಿಯುವ ಪರೀಕ್ಷೆಗಳು ಎಷ್ಟೋ ಸಲ ನೆಗೆಟಿವ್ ಬರುತ್ತವೆ. ಹಾಗಾಗಿ ಅನುಮಾನ ಉಳಿದರೆ ಟಿಬಿ ಮಾತ್ರೆ ಶುರು ಮಾಡಿ, ಎರಡು ಮೂರು ತಿಂಗಳಿಗೆ ಮತ್ತೆ ಸ್ಕೋಪಿ ಮಾಡಿ ಹುಣ್ಣು ಒಣಗಿದೆಯಾ ಅಂತ ನೋಡುವುದು ವಾಡಿಕೆ. ಒಣಗಿದ್ದರೆ ಟಿಬಿ ಕೋರ್ಸ್ ಪೂರ್ತಿ ಮಾಡುವುದು. ಒಣಗದಿದ್ದರೆ ಕ್ರೋನ್ಸ್ ಅಂತ ಮತ್ತೆ ಯೋಚಿಸುವುದು. ತೊಂದರೆ ಆಗುವುದು ಆ ಎರಡನೇ ಸ್ಕೋಪಿ ತಪ್ಪಿದಾಗ. ನೋವು ಸ್ವಲ್ಪ ಕಮ್ಮಿಯಾಯಿತು ಅಂತ ಜನ ಬರುವುದಿಲ್ಲ, ಒಂದು ವರ್ಷ ಮಾತ್ರೆ ನುಂಗಿ ಕರುಳು ಕಟ್ಟಿಕೊಂಡ ಮೇಲೆ ಆಪರೇಷನ್‌ಗೆ ಬರುತ್ತಾರೆ. ತಿರುಗಾ ಮುರುಗಾ ಆದರೂ ಕಷ್ಟವೇ. ಟಿಬಿ ಇರುವವರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಯುರೋಪಿನಲ್ಲಾದರೆ ನಾಡ್2 ಪರೀಕ್ಷೆ ಸ್ವಲ್ಪವಾದರೂ ಸುಳಿವು ಕೊಟ್ಟೀತು, ನಮ್ಮಲ್ಲಿ ಅದೂ ಇಲ್ಲ.

ಜೀನಿನ ಬಗ್ಗೆ ಇಷ್ಟು ಮಾತಾಡಿ ಊರಿನ ಬಗ್ಗೆ ಮಾತಾಡದಿದ್ದರೆ ತಪ್ಪಾಗುತ್ತದೆ. ಇಂಗ್ಲೆಂಡಿನ ಲೆಸ್ಟರ್ ಊರಿಗೆ ವಲಸೆ ಹೋದ ಭಾರತೀಯರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಲ್ಲಿನ ಬಿಳಿಯರಿಗಿಂತ ಹೆಚ್ಚು ಅಂತ 1990ರ ದಶಕದಲ್ಲೇ ಬರೆದಿದ್ದಾರೆ. ಕೆನಡಾದ ಒಂಟಾರಿಯೊದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ವಲಸೆ ಬಂದವರಿಗೆ ಐಬಿಡಿ ಕಡಿಮೆ, ಚಿಕ್ಕ ವಯಸ್ಸಿನಲ್ಲಿ ಬಂದವರಿಗೆ ಹೆಚ್ಚು. ದಕ್ಷಿಣ ಏಷ್ಯಾದಿಂದ ಹೋದವರಿಗೆ ಅಲ್ಲೇ ಹುಟ್ಟಿದ ಮಕ್ಕಳಿಗೆ ಅಲ್ಲಿನವರ ಮಕ್ಕಳಷ್ಟೇ ಅಪಾಯ. ಒಂದು ತಲೆಮಾರಿನಲ್ಲಿ ಜೀನು ಬದಲಾಗಲ್ಲ ಅಲ್ವಾ. ಬದಲಾದದ್ದು ಊಟ, ನೀರು, ಬಾಲ್ಯದ ಸೋಂಕುಗಳು, ಔಷಧಿ. ಚಿಕ್ಕಬಳ್ಳಾಪುರದ ಹಳ್ಳಿಯಲ್ಲೂ ಈಗ ಅಂಗಡಿ ಮುಂದೆ ಪ್ಯಾಕೆಟ್ ತಿಂಡಿ ತೂಗಾಡುತ್ತದೆ, ಸಣ್ಣ ಶೀತಕ್ಕೂ ಮಕ್ಕಳಿಗೆ ಆಂಟಿಬಯಾಟಿಕ್ ಬೀಳುತ್ತದೆ. ನನಗೆ ಇದರ ಬಗ್ಗೆ ನಿಜವಾದ ಆತಂಕ ಇದೆ.

ಈಗ ನಮಗೆ ಇವತ್ತೇ ಬೇಕಾದ ಜೀನಿಗೆ ಬರೋಣ. ಎನ್‌ಯುಡಿಟಿ15 ಅಂತ. ಇದು ಕಾಯಿಲೆ ತರುವ ಜೀನಲ್ಲ, ಔಷಧಿಯ ಜೀನು. ಐಬಿಡಿಗೆ ಅಜಥಯೋಪ್ರಿನ್ ಅನ್ನೋ ಮಾತ್ರೆ ಕೊಡುತ್ತೇವೆ. ಬೆಲೆ ಕಮ್ಮಿ, ಎಷ್ಟೋ ಮನೆಗಳು ಇದರಿಂದಲೇ ನಡೆಯುತ್ತಿವೆ. ದೇಹದೊಳಗೆ ಅದು ಬೇರೆ ರೂಪಕ್ಕೆ ತಿರುಗಿ ಬಿಳಿ ರಕ್ತಕಣಗಳ ಡಿಎನ್‌ಎಗೆ ಸೇರಿಕೊಂಡು ಉರಿಯೂತ ತಗ್ಗಿಸುತ್ತದೆ. ಹೆಚ್ಚಾದದ್ದನ್ನು ಕತ್ತರಿಸಿ ನಿರುಪದ್ರವಿ ಮಾಡುವ ಕೆಲಸ ಎನ್‌ಯುಡಿಟಿ15ನದ್ದು. ಆ ಜೀನಿನಲ್ಲಿ ಬದಲಾವಣೆ ಇದ್ದರೆ ಔಷಧಿ ಒಟ್ಟುಗೂಡಿ ಮೂಳೆಮಜ್ಜೆಯನ್ನೇ ಹೊಡೆಯುತ್ತದೆ. ಎರಡೂ ಪ್ರತಿ ಕೆಟ್ಟವರಿಗೆ ಮೊದಲ ಕೆಲವು ವಾರಗಳಲ್ಲೇ ತಲೆಗೂದಲು ಬಾಚಣಿಗೆಗೆ ಮುದ್ದೆಮುದ್ದೆಯಾಗಿ ಬರುತ್ತದೆ, ಬಾಯಲ್ಲಿ ಹುಣ್ಣು, ಜ್ವರ, ಬಿಳಿ ಕಣ ಪಾತಾಳಕ್ಕೆ ಇಳಿದಿರುತ್ತದೆ. ಜೀವಕ್ಕೇ ಅಪಾಯ.

ಯುರೋಪಿನಲ್ಲಿ ಈ ಔಷಧಿಗೆ ಮೊದಲು ಟಿಪಿಎಂಟಿ ಅನ್ನೋ ಬೇರೆ ಜೀನು ನೋಡುವ ಪದ್ಧತಿ. ಅಲ್ಲಿ ಅದು ಸರಿ. ಆದರೆ ಕೊರಿಯಾದಲ್ಲಿ ಟಿಪಿಎಂಟಿ ಸರಿ ಇದ್ದವರಿಗೂ ಬಿಳಿ ಕಣ ಇಳಿಯುತ್ತಿತ್ತು. ಯಾಕೆ ಅಂತ ಹುಡುಕಿ 2014ರಲ್ಲಿ ಎನ್‌ಯುಡಿಟಿ15 ಕಂಡುಹಿಡಿದರು. ಯುರೋಪಿನವರಲ್ಲಿ ಆ ಬದಲಾವಣೆ ತೀರಾ ಅಪರೂಪ, ಅದಕ್ಕೇ ಅವರ ಅಧ್ಯಯನಗಳಲ್ಲಿ ಕಾಣಿಸಿರಲಿಲ್ಲ. ಪೂರ್ವ ಏಷ್ಯಾದಲ್ಲಿ ಸಾಮಾನ್ಯ, ಭಾರತದಲ್ಲೂ ಗಮನಿಸಬೇಕಾದಷ್ಟು ಇದೆ. 2018ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಸೇರಿದೆ. ನಮ್ಮವರಿಗೆ ಉಪಯೋಗಕ್ಕೆ ಬರುವ ಜೀನ್ ಪರೀಕ್ಷೆ ಯಾವುದು ಅಂತ ನನ್ನನ್ನು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ.

ಪ್ರಶ್ನೆಗಳ ಸಮಯದಲ್ಲಿ ಮೊದಲು ಕೇಳಿದ್ದು ಬಂಗಾರಪೇಟೆ ಕಡೆಯ ಒಬ್ಬ ತಾಯಿ: "ಮಗಳಿಗೆ ಕೊಲೈಟಿಸ್ ಇದೆ. ಸೋದರಮಾವನಿಗೆ ಕೊಡಬೇಕು ಅಂತಿದ್ದೀವಿ. ಕೊಡಬಹುದಾ?" ಕಾಯಿಲೆ ಇದೆ ಅಂತ ಮದುವೆ ನಿಲ್ಲಿಸಬೇಕಾಗಿಲ್ಲಮ್ಮ, ಹತೋಟಿಯಲ್ಲಿದ್ದಾಗ ಬಸಿರು ಬಾಣಂತನವೂ ಚೆನ್ನಾಗೇ ಆಗುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಇದ್ದರೆ ನೂರು ಮಕ್ಕಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಆದರೆ ಸೋದರಮಾವನ ಸಂಬಂಧ ಬೇಡ ಅಂತಲೇ ಹೇಳುತ್ತೇನೆ. ಅಂಥ ಮದುವೆಯ ಮಗುವಿನಲ್ಲಿ ಎಂಟರಲ್ಲಿ ಒಂದು ಪಾಲು ಜೀನುಗಳ ಎರಡೂ ಪ್ರತಿ ಒಬ್ಬರೇ ಪೂರ್ವಜರಿಂದ ಬಂದು ಒಂದೇ ಆಗಿರುತ್ತವೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಅದು ಹದಿನಾರರಲ್ಲಿ ಒಂದು. ದೊಡ್ಡವರಲ್ಲಿ ಬರುವ ಐಬಿಡಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗದಿದ್ದರೂ, ಹುಟ್ಟಿದ ಕೆಲವೇ ತಿಂಗಳಿಗೆ ಶುರುವಾಗುವ ಭಯಂಕರ ಕರುಳಿನ ಉರಿಯೂತ ಒಂದಿದೆ. ಐಎಲ್10 ಅನ್ನೋ ಸಂಕೇತವನ್ನು ಹಿಡಿಯುವ ಜೀನಿನ ಎರಡೂ ಪ್ರತಿ ಕೆಟ್ಟರೆ ಬರುತ್ತದೆ. 2009ರಲ್ಲಿ ಅದು ಗೊತ್ತಾದದ್ದೇ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ. ಅದಕ್ಕೆ ಮೂಳೆಮಜ್ಜೆ ಕಸಿಯಿಂದ ವಾಸಿಯಾಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಮಲದಲ್ಲಿ ರಕ್ತ, ಗುದದ ಸುತ್ತ ಕೀವು, ತೂಕ ಏರದಿರುವುದು ಕಂಡರೆ ಜೀನ್ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಬ್ಬ ಹುಡುಗ ಕೇಳಿದ: "ನಮ್ಮಣ್ಣನಿಗೆ ಕ್ರೋನ್ಸ್ ಇದೆ, ನಾನು ಈಗಲೇ ಜೀನ್ ಪರೀಕ್ಷೆ ಮಾಡಿಸಲಾ?" ಬೇಡಪ್ಪ. ಸಿಗರೇಟು ಸೇದಬೇಡ, ಕ್ರೋನ್ಸ್‌ಗೆ ಅದು ನೇರ ಶತ್ರು. ಮಲದಲ್ಲಿ ರಕ್ತ ಕಂಡರೆ, ನಾಲ್ಕು ವಾರ ಭೇದಿ ನಿಲ್ಲದಿದ್ದರೆ, ಸುಮ್ನೆ ತೂಕ ಇಳಿದರೆ ಬಾ.

ಕೊನೆಗೆ ಒಬ್ಬ ಅಪ್ಪ ಎದ್ದು ನಿಂತರು. ಮಗಳಿಗೆ ಅಜಥಯೋಪ್ರಿನ್ ಶುರು ಮಾಡಿ ಹತ್ತು ದಿನ ಆಗಿದೆ, ಜೀನ್ ಪರೀಕ್ಷೆ ಮಾಡಿಸಿಲ್ಲ, ಮಾತ್ರೆ ನಿಲ್ಲಿಸಿಬಿಡಲಾ ಅಂತ ಕೇಳಿದರು. ನೀವಾಗೇ ನಿಲ್ಲಿಸಬೇಡಿ ಅಂದೆ. ನಾಳೆಯೇ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿ, ರಿಪೋರ್ಟನ್ನು ಅವತ್ತೇ ನಿಮ್ಮ ಡಾಕ್ಟರಿಗೆ ತೋರಿಸಿ, ಎನ್‌ಯುಡಿಟಿ15 ಬಗ್ಗೆ ಕೇಳಿ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಸಿಬಿಸಿ ತಪ್ಪಿಸಬೇಡಿ. ಜ್ವರ, ಗಂಟಲುನೋವು, ಬಾಯಿಹುಣ್ಣು ಬಂದರೆ, ಕೂದಲು ಉದುರಿದರೆ ರಾತ್ರಿಯಾದರೂ ಫೋನ್ ಮಾಡಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಾ ಅಂದರು. ಬೇಡ, ಸಿಬಿಸಿ ನಿಮ್ಮ ಮಾಲೂರಿನಲ್ಲೇ ಆಗುತ್ತದೆ. ಜೀನ್ ಪರೀಕ್ಷೆಗೆ ಮಾತ್ರ ಅಲ್ಲಿಂದ ಸ್ಯಾಂಪಲ್ ಕಳಿಸುತ್ತಾರೆ.